ಗಾಣದ ಎಣ್ಣೆ ಅಂಗಡಿಗೆ ಬ್ಲಾಗ್ ಶುರು ಮಾಡಬೇಕು, ಯಾವ ತಪ್ಪು ಮಾಡಬಾರದು?

ಗಾಣದಮನೆ_ತಂಗಿ:

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ಚಳ್ಳಕೆರೆ ಹತ್ತಿರ ಮರದ ಗಾಣ ಹಾಕಿದ್ದಾನೆ, ಮೋಟಾರಿನಲ್ಲಿ ತಿರುಗುವಂಥದ್ದು. ಕಡಲೆಕಾಯಿ ಎಣ್ಣೆ ಜಾಸ್ತಿ, ಜೊತೆಗೆ ಕೊಬ್ಬರಿ, ಕುಸುಬೆ, ಹುಚ್ಚೆಳ್ಳು. ಎಣ್ಣೆ ಮಿಲ್ಲುಗಳಿಗೇ ಹೆಸರಾದ ಊರು ನಮ್ಮದು, ಹಾಗಾಗಿ ಇಲ್ಲಿಯವರು ರೇಟು ಕೇಳಿದ ಕೂಡಲೇ "ಅಬ್ಬಾ" ಅಂತ ಹೊರಟುಬಿಡುತ್ತಾರೆ. ತಗೊಳ್ಳುವವರು ಬೆಂಗಳೂರು, ದಾವಣಗೆರೆ ಕಡೆಯವರು. ಫೋನಿನಲ್ಲಿ ಹೇಳುತ್ತಾರೆ, ನಾವು ಪಾರ್ಸೆಲ್ ಕಳಿಸುತ್ತೇವೆ.

ಅಣ್ಣನಿಗೆ ಬರೆಯುವುದು ಅಂದರೆ ಆಗುವುದಿಲ್ಲ, ಬ್ಲಾಗ್ ನಾನೇ ನೋಡಿಕೊಳ್ಳಬೇಕು. ಮೊದಲ ಐದು ಬರಹಕ್ಕೆ ಹೆಡ್ಡಿಂಗ್ ಯೋಚಿಸಿದ್ದೇನೆ:

ಕಡಲೆಕಾಯಿ ಎಣ್ಣೆಯ 15 ಅದ್ಭುತ ಲಾಭಗಳು
ಸಕ್ಕರೆ ಕಾಯಿಲೆಗೆ ಕುಸುಬೆ ಎಣ್ಣೆ ರಾಮಬಾಣ
ರಿಫೈನ್ಡ್ ಎಣ್ಣೆ ಎಂಬ ವಿಷ
ನಮ್ಮ ಗಾಣದ ಕಥೆ
ಯುಗಾದಿ ಹಬ್ಬದ ಶುಭಾಶಯಗಳು

ಇನ್ನೂ ಒಂದೂ ಹಾಕಿಲ್ಲ. ಅಂಗಡಿ ಬ್ಲಾಗ್ ನಡೆಸಿದವರು, ನೋಡಿದವರು ಹೇಳಿ. ಬೈದರೂ ಪರವಾಗಿಲ್ಲ.

ಬಯಲುಸೀಮೆ_ಬರಹ:

ಬೈಯುವುದಿಲ್ಲ ತಂಗಿ, ಆದರೆ ಐದರಲ್ಲಿ ನಾಲ್ಕು ಹೊಡೆದು ಹಾಕಿ.

"15 ಅದ್ಭುತ ಲಾಭಗಳು" ಅನ್ನುವ ಬರಹ ಗೂಗಲ್‌ನಲ್ಲಿ ಈಗಾಗಲೇ ರಾಶಿ ಬಿದ್ದಿದೆ. ಎಲ್ಲವೂ ಒಂದರಿಂದ ಒಂದು ಕದ್ದದ್ದು. ನೀವೂ ಅಲ್ಲಿಂದಲೇ ಎತ್ತಿ ನಾಲ್ಕು ಪದ ಬದಲಿಸಿ ಹಾಕುತ್ತೀರಿ, ಅಥವಾ ಎಐಗೆ ಹೇಳಿ ಬರೆಸುತ್ತೀರಿ. ಎರಡೂ ಒಂದೇ. ಓದಿದವರಿಗೆ ಇವರು ನಿಜವಾಗಿ ಗಾಣ ಇಟ್ಟವರಾ, ಎಣ್ಣೆ ತಂದು ಲೇಬಲ್ ಅಂಟಿಸುವವರಾ ಅಂತ ಗೊತ್ತಾಗುವುದೇ ಇಲ್ಲ. ಇನ್ನು ರಾಶಿಗಟ್ಟಲೆ ಬರೆಸಿ ತುಂಬಿದ ಪುಟಗಳನ್ನು ಗೂಗಲ್ 2024ರ ಮಾರ್ಚ್‌ನಿಂದ ಸ್ಪ್ಯಾಮ್ ಲೆಕ್ಕಕ್ಕೇ ಹಾಕಿಕೊಂಡಿದೆ.

ನಿಮ್ಮ ಹತ್ತಿರ ಇರುವ ಸರಕು ಬೇರೆ ಯಾರ ಹತ್ತಿರವೂ ಇಲ್ಲ, ಅದು ನಿಮ್ಮಣ್ಣನ ಫೋನು. ಒಂದು ವಾರ ಅವರು ಮಾತಾಡುವಾಗ ಪಕ್ಕದಲ್ಲಿ ಕೂತು, ಗಿರಾಕಿಗಳು ಏನೇನು ಕೇಳುತ್ತಾರೆ ಅಂತ ಸುಮ್ನೆ ಬರೆದುಕೊಳ್ಳಿ. ನಾನು ಗಾಣದ ಎಣ್ಣೆ ತಗೊಳ್ಳುವವನು, ನಾನೇ ಕೇಳಿದ್ದನ್ನು ಹೇಳುತ್ತೇನೆ. ತಳದಲ್ಲಿ ಗಸಿ ನಿಂತಿದೆ, ಎಣ್ಣೆ ಕೆಟ್ಟಿದೆಯಾ? ಬೋಂಡ ಕರಿಯುವಾಗ ಬಾಣಲೆ ತುಂಬ ನೊರೆ ಬರುತ್ತದೆ, ಯಾಕೆ? ಕೊಬ್ಬರಿ ಎಣ್ಣೆ ಬೆಳಗ್ಗೆ ಗಟ್ಟಿಯಾಗಿತ್ತು, ಡಾಲ್ಡಾ ಬೆರೆಸಿದ್ದೀರಾ? ಒಂದೊಂದು ಪ್ರಶ್ನೆಗೂ ಒಂದೊಂದು ಬರಹ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ, ಬೆಂಗಳೂರಿನ ಚಳಿಗಾಲದಲ್ಲಿ ಅದು ಮಾಮೂಲು ಅಂತ ನೀವು ನಿಮ್ಮದೇ ಬಾಟಲಿಯ ಫೋಟೋ ಹಾಕಿ ಬರೆದರೆ ಆ ಗಿರಾಕಿ ಮತ್ತೆ ಬರುತ್ತಾನೆ.

ಎಲ್ಲಕ್ಕಿಂತ ಮೊದಲು ಬರೆಯಬೇಕಾದ್ದು ರೇಟಿನ ಬಗ್ಗೆ. ಬಹಳ ಜನ ಅದನ್ನೇ ಮುಚ್ಚಿಡುತ್ತಾರೆ, "ಬೆಲೆಗೆ ಇನ್‌ಬಾಕ್ಸ್ ಮಾಡಿ" ಅಂತ. ಲೆಕ್ಕ ಬಿಚ್ಚಿ ಇಡಿ. ಗಾಣದಲ್ಲಿ ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಬೀಜ ಬೇಕು. ಬೀಜ ಕೆಜಿಗೆ 120 ಅಂತ ಇಟ್ಟುಕೊಂಡರೂ 300 ರೂಪಾಯಿ ಬೀಜಕ್ಕೇ ಹೋಯಿತು. ಹಿಂಡಿ ಮಾರಿದ್ದನ್ನು ಕಳೆಯಿರಿ, ಕೂಲಿ, ಕರೆಂಟು, ಬಾಟಲಿ ಸೇರಿಸಿ. ಇಷ್ಟು ಓದಿದವನು "ಅಂಗಡಿಯಲ್ಲಿ ಅರ್ಧ ರೇಟಿಗೆ ಸಿಗುತ್ತಲ್ವಾ" ಅಂತ ನಿಮ್ಮನ್ನು ಕೇಳುವುದಿಲ್ಲ. ಅವರು ಹೇಗೆ ಕೊಡುತ್ತಾರೆ ಅಂತ ತನ್ನನ್ನೇ ಕೇಳಿಕೊಳ್ಳುತ್ತಾನೆ.

ಯುಗಾದಿ ಶುಭಾಶಯ ವಾಟ್ಸಾಪ್ ಸ್ಟೇಟಸ್‌ಗೆ ಸಾಕು.

ಲೇಬಲ್_ಲೋಕ:

ಎರಡು ಮತ್ತು ಮೂರನೇ ಹೆಡ್ಡಿಂಗ್ ಬಗ್ಗೆ ನಾನು ಹೇಳಲೇಬೇಕು. ಸಣ್ಣ ತಿಂಡಿ, ಎಣ್ಣೆ ಉದ್ದಿಮೆಗಳಿಗೆ ಲೈಸೆನ್ಸ್, ಲೇಬಲ್ ಕೆಲಸ ಮಾಡಿಕೊಡುವುದೇ ನನ್ನ ದಿನದ ಕೆಲಸ.

"ಸಕ್ಕರೆ ಕಾಯಿಲೆಗೆ ರಾಮಬಾಣ" ಹಾಕಲೇಬೇಡಿ. 1954ರ ಒಂದು ಕಾಯ್ದೆ ಇದೆ, ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತಿನದ್ದು. ಇಂಥ ಇಂಥ ಕಾಯಿಲೆ ವಾಸಿಯಾಗುತ್ತದೆ ಅಂತ ಜಾಹೀರಾತು ಕೊಡಬಾರದು ಅಂತ ಅದರಲ್ಲಿ ಪಟ್ಟಿಯೇ ಇದೆ, ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿದೆ. ಅದರ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳು. ತಿನ್ನುವ ವಸ್ತು ರೋಗ ವಾಸಿ ಮಾಡುತ್ತದೆ ಅನ್ನುವ ಹಾಗಿಲ್ಲ, ಬೇರೆಯವರ ಮಾಲನ್ನು ಹೀಗಳೆಯುವ ಹಾಗೂ ಇಲ್ಲ. ಅಂದರೆ ಮೂರನೇ ಹೆಡ್ಡಿಂಗೂ ಹೋಯಿತು. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಕಲಮಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ.

"ಅದು ಜಾಹೀರಾತಲ್ಲ ಸರ್, ಬ್ಲಾಗು" ಅಂತ ಎಲ್ಲರೂ ಹೇಳುತ್ತಾರೆ. ಆ ಕಾಯ್ದೆ ಜಾಹೀರಾತು ಅಂದರೆ ಏನು ಅಂತ ಹೇಳುವಾಗ ಇಂಟರ್ನೆಟ್ಟು, ವೆಬ್‌ಸೈಟನ್ನೂ ಸೇರಿಸಿದೆ. ಹೊಗೆಯನ್ನೂ ಸೇರಿಸಿದೆ! ಆಕಾಶದಲ್ಲಿ ಹೊಗೆ ಬಿಟ್ಟು ಬರೆದರೂ ಲೆಕ್ಕಕ್ಕೆ ಬರುತ್ತದೆ, ಬ್ಲಾಗ್ ಯಾವ ಲೆಕ್ಕ.

"ನಮ್ಮ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲ" ಅಂತಲೂ ಬರೆಯಬೇಡಿ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಅದು ಇರುವುದಿಲ್ಲ. ನಿಮ್ಮದೊಂದೇ ವಿಶೇಷ ಅನ್ನುವ ಹಾಗೆ ಹೇಳಿದರೆ ತಿಳಿದವರು ನಗುತ್ತಾರೆ. ಅದರ ಬದಲು ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಪುಟದ ಕೆಳಗೆ ಹಾಕಿ, ದೂರದ ಗಿರಾಕಿಗೆ ಧೈರ್ಯ ಬರುವುದು ಅದರಿಂದ.

ಕೀಲಿಮಣೆ:

ಮೇಲಿನವರು ಬರಹದ ಬಗ್ಗೆ ಹೇಳಿದರು, ನಾನು ಕೂರಿಸುವುದರ ಬಗ್ಗೆ ಹೇಳುತ್ತೇನೆ.

ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಅದನ್ನೇ ಪೇಸ್ಟ್ ಮಾಡಬೇಡಿ. ಅಲ್ಲಿ ಬಹಳ ಕಡೆ ಈಗಲೂ ನುಡಿ ತಂತ್ರಾಂಶದ ಹಳೇ ಫಾಂಟು. ಅವರ ಫೈಲಿನಲ್ಲಿ ಚಂದ ಕಾಣುತ್ತದೆ, ಬ್ಲಾಗಿಗೆ ಬಿದ್ದ ಕೂಡಲೇ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗುತ್ತದೆ. ಯುನಿಕೋಡ್ ಆಗಿರಬೇಕು, ಅಂದರೆ ಯಾವ ಫೋನು, ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ. ಫೋನಿನ ಕೀಬೋರ್ಡಿನಲ್ಲಿ ಬರೆದರೆ ಈ ತಾಪತ್ರಯವೇ ಇಲ್ಲ. ಇದಕ್ಕಿಂತ ಕೆಟ್ಟದ್ದು, ಇಡೀ ಬರಹವನ್ನು ಪೋಸ್ಟರ್ ಮಾಡಿ ಫೋಟೋ ಆಗಿ ಹಾಕುವುದು. ಅದನ್ನು ಹುಡುಕಿಕೊಂಡು ಬರುವುದು ಕಷ್ಟ, ಸಣ್ಣ ಫೋನಿನಲ್ಲಿ ಓದುವುದೂ ಕಷ್ಟ.

ಗೂಗಲ್‌ನಿಂದ ಎತ್ತಿನ ಗಾಣದ ಫೋಟೋ ಇಳಿಸಿ ಹಾಕಬೇಡಿ. ಒಂದು, ಅದು ಬೇರೆಯವರ ಹಕ್ಕಿನದ್ದು. ಎರಡು, ನಿಮ್ಮದು ಮೋಟಾರ್ ಗಾಣ. ನಾಳೆ ಗಿರಾಕಿ ಕಾರು ಮಾಡಿಕೊಂಡು ಬಂದು "ಎತ್ತು ಎಲ್ಲಿ?" ಅಂದರೆ?

ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ನಿಮ್ಮ ಇಮೇಲಿನಲ್ಲಿ, ನಿಮ್ಮಣ್ಣನ ಹೆಸರಿನಲ್ಲಿ ಇರಲಿ. ವೆಬ್‌ಸೈಟ್ ಮಾಡಿಕೊಡುವ ಹುಡುಗ ತನ್ನ ಅಕೌಂಟಿನಲ್ಲಿ ತಗೊಂಡುಬಿಡುತ್ತಾನೆ, ಎರಡು ವರ್ಷ ಆದ ಮೇಲೆ ಫೋನ್ ಎತ್ತುವುದಿಲ್ಲ, ರಿನ್ಯೂ ಆಗುವುದಿಲ್ಲ, ಬೋರ್ಡು, ಬಾಟಲಿ, ವಿಸಿಟಿಂಗ್ ಕಾರ್ಡಿನ ಮೇಲೆಲ್ಲ ಇರುವ ವಿಳಾಸ ಕೈಬಿಟ್ಟು ಹೋಗುತ್ತದೆ. ಈ ಕಥೆ ನಾನು ಬಹಳ ಅಂಗಡಿಗಳಲ್ಲಿ ನೋಡಿದ್ದೇನೆ. ದುಡ್ಡು ಹಾಕುವುದು ಬೇಡ ಅಂದರೆ ಗೂಗಲ್‌ನ ಬ್ಲಾಗರ್‌ನಲ್ಲಿ ಪುಕ್ಕಟೆ ಶುರು ಮಾಡಿ, ಡೊಮೇನ್ ಆಮೇಲೆ ಜೋಡಿಸಬಹುದು.

ದುಡ್ಡಿಗಾಗಿ ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು ಹಾಕುವ ಆಸೆ ಇದ್ದರೆ ಬಿಡಿ. ನಾಲ್ಕು ಕಾಸಿಗೆ ನಿಮ್ಮ ಪುಟದಲ್ಲೇ ಬೇರೆಯವರ ಎಣ್ಣೆ ಜಾಹೀರಾತು ಬಂದು ಕೂರುತ್ತದೆ.

ಸಂತೆಪೇಟೆ:

ನನ್ನ ಅಭಿಪ್ರಾಯ ಬೇರೆ. ಈಗ ಯಾರು ಬ್ಲಾಗ್ ಓದುತ್ತಾರೆ? ಇನ್‌ಸ್ಟಾದಲ್ಲಿ ಗಾಣ ತಿರುಗುವ ರೀಲ್ ಹಾಕಿ, ಗೂಗಲ್ ಮ್ಯಾಪಿನಲ್ಲಿ ಅಂಗಡಿ ಸೇರಿಸಿ, ಮುಗಿಯಿತು. ಬರೆಯುತ್ತಾ ಕೂರುವ ಹೊತ್ತಿನಲ್ಲಿ ನಾಲ್ಕು ಪಾರ್ಸೆಲ್ ಕಟ್ಟಬಹುದು.

ಬಯಲುಸೀಮೆ_ಬರಹ:

ಮ್ಯಾಪಿನ ಮಾತು ಒಪ್ಪಿದೆ, ಅದು ಬ್ಲಾಗಿಗಿಂತ ಮೊದಲು ಆಗಬೇಕು. ರೀಲೂ ಹಾಕಲಿ. ಆದರೆ ಗಸಿ ಬಗ್ಗೆ ಹಾಕಿದ ರೀಲು ನಾಲ್ಕು ದಿನಕ್ಕೆ ಎಲ್ಲೋ ತಳಕ್ಕೆ ಹೋಗಿರುತ್ತದೆ. ಆರು ತಿಂಗಳು ಬಿಟ್ಟು ಮೈಸೂರಿನಿಂದ ಯಾರೋ ವಾಟ್ಸಾಪಿನಲ್ಲಿ ಅದನ್ನೇ ಕೇಳಿದಾಗ ಇವರಣ್ಣ ಮತ್ತೆ ಹತ್ತು ನಿಮಿಷ ಮಾತಾಡಬೇಕಾ? ಬ್ಲಾಗಿನ ಲಿಂಕ್ ಕಳಿಸಿದರೆ ಆಯಿತು. ಸಣ್ಣ ಅಂಗಡಿಗೆ ಬ್ಲಾಗ್ ಬೇಕಾಗಿರುವುದು ಲಕ್ಷ ಜನ ಓದಲಿ ಅಂತ ಅಲ್ಲ ಸರ್. ತಗೊಳ್ಳಬೇಕಾ ಬೇಡವಾ ಅಂತ ಅನುಮಾನ ಮಾಡುತ್ತಿರುವ ಹತ್ತು ಜನ ಓದಿದರೆ ಸಾಕು.

ಗಾಣದಮನೆ_ತಂಗಿ:

ಎಲ್ಲರಿಗೂ ಥ್ಯಾಂಕ್ಸ್. ರಾಮಬಾಣ, ವಿಷ ಎರಡೂ ಅಳಿಸಿದೆ, ಅಣ್ಣನಿಗೆ ದಂಡದ ವಿಷಯ ಓದಿ ಹೇಳಿದೆ, ಬಾಟಲಿ ಲೇಬಲ್ ತಿರುಗಿಸಿ ನೋಡುತ್ತಾ ಕೂತಿದ್ದಾನೆ. ಗಸಿ ಬಗ್ಗೆ ಹೀಗೆ ಬರೆದಿದ್ದೇನೆ, ನೋಡಿ:

"ಗಾಣದಿಂದ ಇಳಿದ ಎಣ್ಣೆಯನ್ನು ನಾವು ಡ್ರಮ್ಮಿನಲ್ಲಿ ಅಲುಗಾಡಿಸದೆ ಬಿಡುತ್ತೇವೆ. ಬೀಜದ ಸಣ್ಣ ಪುಡಿ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ತುಂಬುತ್ತೇವೆ. ಆದರೂ ಸ್ವಲ್ಪ ಗಸಿ ಉಳಿಯುತ್ತದೆ. ಬಾಟಲಿ ಕುಲುಕಬೇಡಿ, ತಳದ ಎಣ್ಣೆಯನ್ನು ಒಗ್ಗರಣೆಗೆ ಬಳಸಿ, ಕರಿಯಲು ಬೇಡ."

ಇನ್ನೆರಡು ಪ್ರಶ್ನೆ. ಕನ್ನಡದಲ್ಲೇ ಬರೆಯಲಾ, ಇಂಗ್ಲಿಷೂ ಬೇಕಾ? ವಾರಕ್ಕೆ ಎಷ್ಟು?

ಕೀಲಿಮಣೆ:

ಈ ಪ್ಯಾರಾ ಚೆನ್ನಾಗಿದೆ, ತಿದ್ದಬೇಡಿ. ಕನ್ನಡದಲ್ಲೇ ಬರೆಯಿರಿ. ನಡುವೆ ಒಂದೆರಡು ಸಲ "ಕೋಲ್ಡ್ ಪ್ರೆಸ್ಡ್ ಆಯಿಲ್" ಅಂತ ಇಂಗ್ಲಿಷ್ ಅಕ್ಷರದಲ್ಲೂ ಬರಲಿ, ಬೆಂಗಳೂರಿನವರು ಹಾಗೇ ಹುಡುಕುತ್ತಾರೆ. ಇಂಗ್ಲಿಷ್ ಬೇಕಾದರೆ ಬೇರೆ ಪುಟ ಮಾಡಿ, ಅನುವಾದದ ಬಟನ್ ಒತ್ತಿ ಬಂದದ್ದನ್ನು ಓದಿ ನೋಡದೆ ಹಾಕಬೇಡಿ. ಪ್ರತಿ ಪುಟದ ಕೊನೆಯಲ್ಲೂ ಒತ್ತಿದರೆ ವಾಟ್ಸಾಪ್ ತೆರೆದುಕೊಳ್ಳುವ ಲಿಂಕ್ ಇರಲಿ, ಫೋನ್ ನಂಬರ್ ಹುಡುಕಿಸಬೇಡಿ.

ಬಯಲುಸೀಮೆ_ಬರಹ:

ವಾರಕ್ಕೆ ಎರಡು ಅಂತ ಶುರು ಮಾಡಿದವರು ಮೂರನೇ ತಿಂಗಳಿಗೆ ನಿಲ್ಲಿಸುತ್ತಾರೆ. ಆಮೇಲೆ ಮುಖಪುಟದಲ್ಲಿ ಹಳೇ ದೀಪಾವಳಿಯದ್ದೇ ಕೊನೇ ಬರಹ, ನೋಡಿದವರು ಅಂಗಡಿ ಮುಚ್ಚಿದೆ ಅಂದುಕೊಳ್ಳುತ್ತಾರೆ. ತಿಂಗಳಿಗೆ ಒಂದು ಸಾಕು, ಬೆಳೆ ನೋಡಿಕೊಂಡು ಬರೆಯಿರಿ. ನಿಮ್ಮ ಕಡೆ ಮುಂಗಾರಿನ ಕಡಲೆಕಾಯಿ ಕೀಳುವುದು ಅಕ್ಟೋಬರ್, ನವೆಂಬರಿಗೆ ಅಲ್ವಾ? ಹೊಸ ಕಾಯಿ ಬಂತು, ಬೀಜ ಇಷ್ಟು ದಪ್ಪ ಇದೆ, ಮಳೆ ಕೈಕೊಟ್ಟು ಎಣ್ಣೆ ಕಡಿಮೆ ಬಂತು, ಅದಕ್ಕೆ ರೇಟು ಇಷ್ಟು ಏರಿದೆ ಅಂತ ಬರೆಯಿರಿ. ರೇಟು ಬದಲಾದ ದಿನ ಹಳೇ ಪುಟವನ್ನೂ ತಿದ್ದಿ, ಇಲ್ಲದಿದ್ದರೆ ಹಳೇ ರೇಟಿಗೇ ಕೊಡಿ ಅಂತ ಸ್ಕ್ರೀನ್‌ಶಾಟ್ ಕಳಿಸುತ್ತಾರೆ.

ಸಂತೆಪೇಟೆ:

ಸರಿ ಬಿಡಿ, ಗಸಿ ಪ್ಯಾರಾ ನೋಡಿ ನಾನೂ ಸ್ವಲ್ಪ ಮೆತ್ತಗಾದೆ. ಹುಚ್ಚೆಳ್ಳೆಣ್ಣೆ ಬೆಂಗಳೂರಿಗೆ ಕಳಿಸುತ್ತೀರಾ ತಂಗಿ? ಅದು ಇಲ್ಲಿ ಎಲ್ಲೂ ಸಿಗುತ್ತಿಲ್ಲ. ಪಾರ್ಸೆಲ್‌ನಲ್ಲಿ ಬಾಟಲಿ ಸೋರಿದರೆ ಏನು ಮಾಡುತ್ತೀರಿ ಅಂತಲೂ ಬ್ಲಾಗಿನಲ್ಲಿ ಬರೆಯಿರಿ, ನಾನು ಮೊದಲು ಹುಡುಕುವುದು ಅದನ್ನೇ.