ಸಾವಿರ ವರ್ಷದ ಜಾಡಿಯಲ್ಲಿ ವೈನ್ ಇತ್ತು ಅಂತ ಹೇಗೆ ಹೇಳ್ತಾರೆ?

ಸಾರುಪ್ರಿಯ:
ಅರಬರು ಸಿಸಿಲಿ ದ್ವೀಪ ಆಳುತ್ತಿದ್ದಾಗಲೂ ಅಲ್ಲಿಂದ ವೈನ್ ಹೊರಗೆ ಹೋಗುತ್ತಿತ್ತಂತೆ. ಯಾರ್ಕ್ ಮತ್ತು ರೋಮ್ ವಿಶ್ವವಿದ್ಯಾಲಯದವರು ಮಣ್ಣಿನ ಜಾಡಿಯ ಚೂರುಗಳನ್ನು ಪರೀಕ್ಷಿಸಿ 2021ರಲ್ಲಿ ಹೇಳಿದ್ದು. ಸಾಕ್ಷಿ ಟಾರ್ಟಾರಿಕ್ ಆಮ್ಲ. ಹುಣಸೆಹಣ್ಣಿನ ಹುಳಿಯೂ ಅದೇ ಅಲ್ವಾ? ನಾಳೆ ನಮ್ಮನೆ ಸಾರಿನ ಮಡಕೆ ಅಗೆದು ತೆಗೆದವರು ನಮ್ಮನ್ನೂ ಕುಡುಕರು ಅಂದರೆ?

ಲ್ಯಾಬ್‌ರಾಯ:
ಅನ್ನಬಹುದು! ಇಂಥ ಪರೀಕ್ಷೆಗೆ ಬಳಸುವುದು ಜಿಸಿ-ಎಂಎಸ್, ಅಂದರೆ ಬೆರಕೆಯನ್ನು ಆವಿ ಮಾಡಿ, ಬೇರ್ಪಡಿಸಿ, ಒಂದೊಂದೂ ಯಾವ ರಾಸಾಯನಿಕ ಅಂತ ಗುರುತಿಸುವ ಯಂತ್ರ. ಔಷಧಿ ಕಂಪನಿಯೊಂದರಲ್ಲಿ ನನ್ನ ಕೆಲಸ ಅದರ ಮುಂದೆಯೇ. ಅದು ಆಮ್ಲ ಯಾವುದು ಅಂತ ತೋರಿಸುತ್ತದೆ, ಯಾವ ಹಣ್ಣಿನದು ಅಂತಲ್ಲ.

ಆಲ್ಕೋಹಾಲ್ ಎಂದೋ ಆರಿ ಹೋಗಿರುತ್ತದೆ. ಉಳಿಯುವುದು ಜಾಡಿಯ ಗೋಡೆ ಹೀರಿಕೊಂಡದ್ದು. ಚೂರಿನ ಮೇಲ್ಪದರ ಕೆರೆದು ಬಿಸಾಡಿ, ಒಳಗಿನಿಂದ ಒಂದಿಷ್ಟು ಪುಡಿ ಕೊರೆಯುತ್ತಾರೆ. ಈ ಆಮ್ಲ ಇದ್ದ ಹಾಗೇ ಆವಿಯಾಗುವುದಿಲ್ಲ. ಬ್ಯುಟನಾಲ್ ಅನ್ನುವ ದ್ರಾವಕದ ಜೊತೆ ಬಿಸಿ ಮಾಡಿ ರೂಪ ಬದಲಿಸಿದರೆ ಮಾತ್ರ ಯಂತ್ರದೊಳಗೆ ಹೋಗುತ್ತದೆ.

ಆ ಸಂಶೋಧಕರ ಜಾಣತನ ಇರುವುದು ಮುಂದೆ. ಟಾರ್ಟಾರಿಕ್ ಒಂದನ್ನೇ ನಂಬದೆ, ಮ್ಯಾಲಿಕ್ ಆಮ್ಲದ ಜೊತೆ ಅದರ ಪ್ರಮಾಣ ನೋಡಿದರು. ಸೇಬಿನಲ್ಲಿ ಮ್ಯಾಲಿಕ್ಕೇ ಜಾಸ್ತಿ. ದ್ರಾಕ್ಷಿಯಲ್ಲಿ ಟಾರ್ಟಾರಿಕ್ ಪಾಲು ಎದ್ದು ಕಾಣುತ್ತದೆ. ವೈನ್‌ನಲ್ಲಿ ನೆನೆಸಿದ ಚೂರುಗಳನ್ನು ಮಣ್ಣಲ್ಲಿ ಹೂತಿಟ್ಟು, ಆಮೇಲೆ ತೆಗೆದು ಹೋಲಿಸಿಯೂ ನೋಡಿದರು.

ಹುಣಸೆಯಲ್ಲೂ ಟಾರ್ಟಾರಿಕ್ಕೇ ಮುಂದೆ. ಹಾಗಾಗಿ ಈ ಲೆಕ್ಕ ಅದನ್ನು ಹೊರಗೆ ಹಾಕುವುದಿಲ್ಲ. ಅಲ್ಲಿ ಊರು ನೋಡಬೇಕು. ಸಿಸಿಲಿಯಲ್ಲಿದ್ದದ್ದು ದ್ರಾಕ್ಷಿ ತೋಟ, ಹುಣಸೆ ತೋಪಲ್ಲ. ಜಾಡಿಗಳೂ ಹಡಗಿಗೆ ಏರಿಸುವಂಥ ಆಂಫೊರಾಗಳು. ನಿಮ್ಮ ಮಡಕೆ ಕರ್ನಾಟಕದಲ್ಲಿ ಸಿಕ್ಕರೆ ನಾನಂತೂ ಸಾರು ಅಂತಲೇ ಬರೆಯುತ್ತೇನೆ.

ಮೇಷ್ಟ್ರು64:
ಧರ್ಮದಲ್ಲಿ ನಿಷೇಧ ಇತ್ತಲ್ಲ, ಆ ಕಾಲದ ಜಾಡಿ ಅನ್ನುವುದೇ ಸಂಶಯ.

ಲ್ಯಾಬ್‌ರಾಯ:
ಸಂಶಯ ಬೇಡ ಸರ್. ಸಿಸಿಲಿಯ ಪಲೆರ್ಮೊ ನಗರ 831ರಲ್ಲೇ ಅರಬರ ಕೈಗೆ ಬಂತು. ಅಲ್ಲಿ ಮಾಡಿದ ಜಾಡಿಗಳು ಸಮುದ್ರದಾಚೆ ಸಾರ್ಡೀನಿಯಾ ದ್ವೀಪ, ಇಟಲಿಯ ಪೀಸಾದಲ್ಲೂ ಸಿಕ್ಕಿವೆ. ಕುಡಿದರು ಅಂತ ಯಾರೂ ಹೇಳುತ್ತಿಲ್ಲ, ಮಾರಿದರು ಅಂತಷ್ಟೇ. ವ್ಯಾಪಾರ ವ್ಯಾಪಾರವೇ.

ಹೊಲದಬದು:
ನಮ್ಮ ಹೊಲದಲ್ಲಿ ಹಳೇ ಚೂರು ಆಗಾಗ ಸಿಗುತ್ತವೆ. ತೊಳೆದು ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ದೇನೆ. ಪರೀಕ್ಷೆಗೆ ಆಗುತ್ತಾ?

ಲ್ಯಾಬ್‌ರಾಯ:
ನೀರಲ್ಲಿ ತೊಳೆದಿದ್ದರೆ ಪೂರ್ತಿ ಹಾಳಾಗಿರುವುದಿಲ್ಲ. ಕವರ್ರೇ ತಲೆನೋವು. ಪ್ಲಾಸ್ಟಿಕ್‌ನ ಥ್ಯಾಲೇಟ್, ಬೆರಳ ಜಿಡ್ಡಿನ ಸ್ಕ್ವಾಲೀನ್ ಎರಡೂ ಗ್ರಾಫಿನಲ್ಲಿ ಎದ್ದು ಕೂರುತ್ತವೆ. ಇನ್ನು ಮುಂದೆ ಸಿಕ್ಕಿದ್ದನ್ನು ಕೈಯಲ್ಲಿ ಉಜ್ಜಬೇಡಿ, ಸಿಕ್ಕ ಜಾಗ ಬರೆದಿಡಿ, ಫಾಯಿಲ್‌ನಲ್ಲಿ ಸುತ್ತಿ ಪುರಾತತ್ವ ಇಲಾಖೆಯವರಿಗೆ ತೋರಿಸಿ. ಪಕ್ಕದ ಹಿಡಿ ಮಣ್ಣೂ ಬೇಕಾಗುತ್ತದೆ, ಹೋಲಿಸೋಕೆ.