ಮೊದಲು ಆಕ್ಸಲ್ ನೋಡಿ, ಮಡಿಕೇರಿ ಆಮೇಲೆ

ಪವಿ, ಟೈಪ್ ಮಾಡ್ಲಿಕ್ಕೆ ನನ್ನಿಂದಾಗೋದಿಲ್ಲ, ಮಾತಾಡೇ ಕಳಿಸ್ತೇನೆ. ಉದ್ದ ಆದ್ರೆ ಬೈಬೇಡಿ ಯಾರೂ. ಬೆಳಿಗ್ಗೆ ನೀನು ಹಾಕಿದ್ದು ಓದಿದೆ. ಚಿನ್ನು ಫ್ರೇಮ್ ಕಿಟ್ ತರಿಸಿ ಬ್ಯಾಟರಿ ಮೋಟಾರಿನ ಸೈಕಲ್ ಕಟ್ಟಿದ್ದಾನೆ, ಭಾನುವಾರ ಕುಶಾಲನಗರದಿಂದ ಮಡಿಕೇರಿಗೆ ಅದರಲ್ಲೇ ಹೋಗ್ತಾನಂತೆ, ಬಿಡಬಹುದಾ ಚಿಕ್ಕಪ್ಪ ಅಂತ ಕೇಳಿದ್ದೀಯ. ಫೋಟೋನೂ ದೊಡ್ಡದು ಮಾಡಿ ನೋಡಿದೆ. ಹುಡುಗನ ಕೈ ಒಳ್ಳೆಯದು, ಬ್ಯಾಟರಿಯನ್ನ ಫ್ರೇಮಿನ ಮಧ್ಯೆ ತಗ್ಗಿನಲ್ಲೇ ಕೂರಿಸಿದ್ದಾನೆ, ವೈರು ನೀಟಾಗಿ ಕಟ್ಟಿದ್ದಾನೆ. ಆದ್ರೆ ಮೋಟಾರು ಮುಂದಿನ ಚಕ್ರದಲ್ಲಿ. ಅದೂ ಸಸ್ಪೆನ್ಷನ್ ಫೋರ್ಕಿಗೆ, ಚಕ್ರ ಹಿಡಿಯುವ ಆ ಸ್ಪ್ರಿಂಗಿನ ಕವಲಿಗೆ. ಆಕ್ಸಲ್ಲಿಗೆ, ಅಂದ್ರೆ ಚಕ್ರದ ನಡುವಿನ ಸರಳಿಗೆ, ಬರೀ ಎರಡು ನಟ್ಟು! ಆಕ್ಸಲ್ ತಿರುಗದ ಹಾಗೆ ಫೋರ್ಕಿಗೆ ಕಟ್ಟುವ ಪಟ್ಟಿ, ಟಾರ್ಕ್ ಆರ್ಮ್, ಎಲ್ಲಿ ಮಾರಾಯ?

ನಾನು ಆ ಹಳೇ ಸೈಕಲ್ಲಿಗೆ ಮೋಟಾರು ಹಾಕಿದ್ದು ನಿಮಗೆಲ್ಲ ಗೊತ್ತಲ್ಲ, ಆಗಲೂ ಇದೇ ಕತೆ. ಮುಂದೆ 250 ವಾಟ್ ಹಬ್ ಮೋಟಾರು, ಚಕ್ರದ ನಡುವೆಯೇ ಕೂರುವಂಥದ್ದು, ಅಲ್ಯೂಮಿನಿಯಂ ಫೋರ್ಕು, ನಟ್ಟು ಜೀವ ಹೋಗುವಷ್ಟು ಬಿಗಿ. ಕಿಟ್ ಮಾರಿದವನು ಇಷ್ಟು ಸಣ್ಣ ಮೋಟಾರಿಗೆ ಆರ್ಮ್ ಬೇಡ ಅಂದ, ನಾನೂ ತಲೆ ಆಡಿಸಿದೆ. ಸುಂಟಿಕೊಪ್ಪ ದಾಟಿ ಏರಿನಲ್ಲಿ ಒಂದು ಲಾರಿಗೆ ದಾರಿ ಬಿಡಲಿಕ್ಕೆ ನಿಂತೆ. ಮತ್ತೆ ಹೊರಡುವಾಗ ಪೆಡಲ್ ತುಳಿಯದೆ ಥ್ರಾಟಲ್ ಪೂರ್ತಿ ತಿರುಗಿಸಿದೆ. ಕಟಕ್ ಅಂತು, ಅಷ್ಟೇ. ಚಕ್ರದ ಬದಲು ಆಕ್ಸಲ್ ತಿರುಗಿತು. ಫೋರ್ಕಿನಲ್ಲಿ ಆಕ್ಸಲ್ ಕೂರುವ ಕಚ್ಚು ಅಗಲ ಆಗಿ ಆಕ್ಸಲ್ ಅರ್ಧ ಹೊರಗೆ, ಮೋಟಾರಿನ ವೈರು ಆಕ್ಸಲ್ಲಿಗೆ ಎರಡು ಸುತ್ತು ಸುತ್ತಿಕೊಂಡು ಸಿಪ್ಪೆ ಸುಲಿದು ಶಾರ್ಟ್ ಆಯ್ತು. ಮೋಟಾರಿಗೆ ಕರೆಂಟು ಬಿಡುವ ಕಂಟ್ರೋಲರ್ ಸುಟ್ಟ ವಾಸನೆ ಇವತ್ತಿಗೂ ಮೂಗಿನಲ್ಲುಂಟು. ನಿಂತಲ್ಲಿಂದ ಹೊರಟಾಗ ಆದದ್ದು ನನ್ನ ಪುಣ್ಯ. ಓಡುವಾಗ ಆಗಿದ್ರೆ ಮುಖಕ್ಕೇ ಬೀಳೋದು.

ಚಿನ್ನು, ನೀನೂ ಕೇಳು, ಯಾಕೆ ಹೀಗಾಗ್ತದೆ ಅಂತ. ಮಾಮೂಲು ಸೈಕಲ್ಲಿನಲ್ಲಿ ಆಕ್ಸಲ್ ಸುಮ್ಮನೆ ಭಾರ ಹೊರ್ತದೆ. ಹಬ್ ಮೋಟಾರಿನಲ್ಲಿ ಆಕ್ಸಲ್ಲೇ ಮೋಟಾರಿನ ಕಾಲು. ಚಕ್ರ ಮುಂದಕ್ಕೆ ತಿರುಗುವಷ್ಟೇ ಬಲದಲ್ಲಿ ಆಕ್ಸಲ್ ಹಿಂದಕ್ಕೆ ತಿರುಗ್ಲಿಕ್ಕೆ ನೋಡ್ತದೆ. ಆಕ್ಸಲ್ 12 ಮಿಲಿಮೀಟರ್ ದಪ್ಪ, ಎರಡು ಬದಿ ಚಪ್ಪಟೆ ಮಾಡಿ 10 ಮಿಲಿಮೀಟರ್. ಕಚ್ಚಿನಲ್ಲಿ ಹಿಡಿದುಕೊಳ್ಳೋದು ಆ ಚಪ್ಪಟೆಯ ಮೂಲೆಗಳು ಮಾತ್ರ, ಅವುಗಳ ನಡುವೆ ಇರೋದು ಆರೂವರೆ ಮಿಲಿಮೀಟರ್. 40 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ತಿರುಚುವ ಬಲ, ಬಂದ್ರೆ ಆ ಮೂಲೆ ಮೇಲೆ ಹತ್ತಿರ ಹತ್ತಿರ 600 ಕಿಲೋ ಒತ್ತಡ. 50 ಕಿಲೋದ ಕಾಫಿ ಚೀಲ 12 ಲೆಕ್ಕ ಹಾಕು! ಅದೇ 10 ಸೆಂಟಿಮೀಟರ್ ಉದ್ದದ ಟಾರ್ಕ್ ಆರ್ಮ್ ಹಾಕಿ ತುದಿಯನ್ನ ಫೋರ್ಕಿನ ಕಾಲಿಗೆ ಕಟ್ಟಿದ್ರೆ ಆ ತುದಿಗೆ ಬೀಳೋದು 40 ಕಿಲೋ, ಒಂದು ಚೀಲವೂ ಇಲ್ಲ. 250 ವಾಟ್ ತಾನೆ ಅನ್ಬೇಡ. ಕಂಟ್ರೋಲರ್ 15 ಆಂಪಿಯರ್ ಬಿಡೋದಾದ್ರೆ 36 ವೋಲ್ಟಿಗೆ 540 ವಾಟ್ ಎಳೀತದೆ, ಹೊರಡುವಾಗ, ಏರಿನಲ್ಲಿ. ಸಸ್ಪೆನ್ಷನ್ ಫೋರ್ಕಿನ ಕೆಳಗಿನ ಕಾಲು ಅಲ್ಯೂಮಿನಿಯಮ್ಮೋ ಮೆಗ್ನೀಸಿಯಮ್ಮೋ ಎರಕ ಹೊಯ್ದದ್ದು. ಕಬ್ಬಿಣ ಆದ್ರೆ ಬಾಗ್ತದೆ, ನಮಗೆ ಗೊತ್ತಾಗ್ತದೆ. ಎರಕ ಬಾಗೋದಿಲ್ಲ, ಸೀಳ್ತದೆ. ಅದಕ್ಕೇ ಹೇಳ್ತಾ ಇದ್ದೇನೆ, ನಟ್ಟು ಬಿಗಿ ಉಂಟು ಅಂತ ನಂಬಬೇಡ.

ನಟ್ಟಿನ ಮಾತು ಬಂತು, ಹೇಳಿಯೇ ಬಿಡ್ತೇನೆ. ಬಿಗಿ ಅಳೆದು ತಿರುಗಿಸುವ ನನ್ನ ಟಾರ್ಕ್ ರೆಂಚು ಮತ್ತೆ 18ರ ರಿಂಗ್ ಸ್ಪಾನರ್ ಸುಂಟಿಕೊಪ್ಪದ ಭಾವನ ಹತ್ತಿರ ಹೋಗಿ ಎಷ್ಟು ವರ್ಷ ಆಯ್ತು? ಜೀಪಿನ ಚಕ್ರ ಬಿಚ್ಚಿ ಸಂಜೆಗೆ ಕೊಡ್ತೇನೆ ಅಂದವರು. ಮಗಳ ಮದುವೆ ಆಯ್ತು, ಮೊಮ್ಮಗು ಶಾಲೆಗೆ ಹೋಗ್ತಾ ಉಂಟು, ಸ್ಪಾನರ್ ಬರ್ಲಿಲ್ಲ. ಈ ಗುಂಪಿನಲ್ಲೇ ಇದ್ದಾರೆ, ಕೇಳ್ತಾರೆ, ಕೇಳ್ಲಿ. ಪುತ್ತರಿ ಹಬ್ಬಕ್ಕೆ ಬಂದಾಗ ಎಲ್ಲ ಸೇರಿ ನನ್ನ ಶೆಡ್ಡನ್ನ ಗುಜರಿ ಅಂಗಡಿ ಅಂತ ನಗ್ತೀರಿ. ಪಂಪ್ ಕೈಕೊಟ್ರೆ, ಕಾಫಿ ಹಣ್ಣು ಸುಲಿಯುವ ಪಲ್ಪರ್ ನಿಂತ್ರೆ ಆವಾಗ ಮಾತ್ರ ಚಿಕ್ಕಪ್ಪ ನೆನಪಾಗ್ತಾರೆ. ಕಾಫಿ ಕುಯ್ಯುವಾಗ ಈ ಕಡೆ ತಲೆ ಹಾಕುವವರು ಒಬ್ಬರಿಲ್ಲ. ಹೋಗ್ಲಿ.

ಏನು ಕೇಳಿದ್ದೆ ನೀನು? ಹಾಂ, ಭಾನುವಾರ. ಬೇಡ ಪವಿ, ಈ ಭಾನುವಾರ ಬೇಡ. ಬೇಡವೇ ಬೇಡ ಅಂತಲ್ಲ, ಸರಿ ಮಾಡಿಕೊಂಡು ಹೋಗ್ಲಿ. ಮುಂದಿನ ಮೋಟಾರನ್ನೇ ತೆಗೆದು ಹಿಂದೆ ಹಾಕ್ಲಿಕ್ಕೆ ಆಗೋದಿಲ್ಲ, ಮುಂದಿನದು 100 ಮಿಲಿಮೀಟರ್ ಅಗಲದ್ದು, ಹಿಂದೆ ಬೇಕಾದ್ದು 135. ಅಂಗಡಿಯವನು ಬದಲಿ ಕೊಡ್ತಾನೆ ಅಂದ್ರೆ ಹಿಂದಿನ ಚಕ್ರದ್ದೇ ತರಲಿ. ಏರಿನಲ್ಲಿ ಭಾರ ಹಿಂದಕ್ಕೆ ಹೋಗ್ತದೆ, ಒದ್ದೆ ಎಲೆ ಬಿದ್ದ ರಸ್ತೆಯಲ್ಲಿ ಮುಂದಿನ ಚಕ್ರ ನಿಂತಲ್ಲೇ ಸುತ್ತಿ ಜಾರ್ತದೆ. ಬದಲಿ ಕೊಡದಿದ್ರೆ ಆ ಸಸ್ಪೆನ್ಷನ್ ತೆಗೆದು ಸಾದಾ ಸ್ಟೀಲ್ ಫೋರ್ಕ್ ಹಾಕ್ಲಿ.

ಯಾವುದೇ ಆಗ್ಲಿ, ಎರಡು ಬದಿಗೂ ಆರ್ಮ್. ಸ್ಟೀಲಿನದ್ದು, 4 ಮಿಲಿಮೀಟರಿಗೆ ಕಮ್ಮಿ ದಪ್ಪ ಬೇಡ, ಆಕ್ಸಲ್ ಮೇಲೆ ಸ್ವಲ್ಪವೂ ಅಲ್ಲಾಡಬಾರದು. ಕಚ್ಚಿನೊಳಗೆ ಪೇಂಟ್ ದಪ್ಪ ಇದ್ರೆ ಪೇಂಟ್ ಮಾತ್ರ ಕೆರೆದು ತೆಗಿ, ಲೋಹ ಉಜ್ಜಬೇಡ. ಬಿಗಿ ಮಾಡುವ ಮೊದಲು ಆಕ್ಸಲ್ಲನ್ನ ಹಿಂದಕ್ಕೆ ತಿರುಚಿ ಹಿಡಿ, ಇದ್ದ ಸಂದು ಅಲ್ಲಿಗೆ ಮುಗೀಲಿ. ಆಮೇಲೆ 40 ನ್ಯೂಟನ್ ಮೀಟರ್, ಅಂದ್ರೆ ಒಂದಡಿ ಸ್ಪಾನರಿನ ತುದಿಗೆ ಹದಿಮೂರು ಹದಿನಾಲ್ಕು ಕಿಲೋ ಒತ್ತು. ಪೇಂಟ್, ವಾಷರ್ ಎಲ್ಲ ಕೂತುಕೊಳ್ತದಲ್ಲ, 20 ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬಿಗಿ ಮಾಡು. ಮೋಟಾರಿನ ವೈರು ಆಕ್ಸಲ್ಲಿಂದ ಕೆಳಮುಖ ಬಂದು ಒಂದು ಜೋತು ಬಿಟ್ಟು ಮೇಲೆ ಹೋಗ್ಬೇಕು. ಇಲ್ಲದಿದ್ರೆ ನಮ್ಮ ಆಷಾಢದ ಮಳೆ ವೈರು ಹಿಡಿದುಕೊಂಡು ನೇರ ಮೋಟಾರಿಗೇ ಇಳೀತದೆ.

ಬ್ಯಾಟರಿ ಲೆಕ್ಕವನ್ನೂ ಹಾಕಿದ ಹಾಗಿಲ್ಲ ಅವನು. 36 ವೋಲ್ಟ್, 10 ಆಂಪಿಯರ್ ಅವರ್, ಅಂದ್ರೆ 360 ವಾಟ್ ಅವರ್. ಕುಶಾಲನಗರದಿಂದ ಮಡಿಕೇರಿ ಹೆಚ್ಚು ಕಮ್ಮಿ 30 ಕಿಲೋಮೀಟರ್, ಎತ್ತರದಲ್ಲಿ 300 ಮೀಟರಿಗೂ ಮೇಲೆ ವ್ಯತ್ಯಾಸ. ಅವನು, ಸೈಕಲ್, ಚೀಲ ಸೇರಿ 110 ಕಿಲೋ ಹಿಡಿದ್ರೆ ಮೇಲಕ್ಕೆ ಎತ್ತಲಿಕ್ಕೇ 90 ವಾಟ್ ಅವರ್, ಮೋಟಾರಿನ ನಷ್ಟ ಸೇರಿ 130. ಸಮ ರಸ್ತೆ ಅಂದ್ರೂ ಕಿಲೋಮೀಟರಿಗೆ 10 ಬೇಕು, ಅದು 300. ಒಟ್ಟು 430. ಪೆಡಲ್ ತುಳಿಯದೆ ಬರೀ ಥ್ರಾಟಲ್ಲಿನಲ್ಲಿ ಹೋದ್ರೆ ಮಡಿಕೇರಿ ಕಾಣುವ ಮೊದಲೇ ದಾರಿಯಲ್ಲಿ ನಿಲ್ತಾನೆ. ಏರಿನಲ್ಲಿ ನಿಧಾನ ಎಳೆಯುವಾಗ ಮೋಟಾರು ಬಿಸಿಯಾಗ್ತದೆ, ಒಳಗಿನ ನೈಲಾನ್ ಗೇರ್ ಮೆತ್ತಗಾಗಿ ಹಲ್ಲು ಹೋಗ್ತದೆ, ಅದಕ್ಕೂ ತುಳಿಯಲೇಬೇಕು. ಬರುವಾಗ ಇಳಿಜಾರು. ಗೇರ್ ಇರುವ ಹಬ್ ಮೋಟಾರು ವೇಗವನ್ನ ತಡೆಯೋದಿಲ್ಲ, ಸೈಕಲ್ಲಿನ ಹಾಗೆ ಫ್ರೀ ಬಿಡ್ತದೆ, ಎಲ್ಲ ಭಾರ ಬ್ರೇಕಿನ ಮೇಲೆ. ಚಕ್ರದ ಬಳೆಯನ್ನ ಒತ್ತುವ ರಿಮ್ ಬ್ರೇಕ್ ಒದ್ದೆಯಲ್ಲಿ ಸರಿಯಾಗಿ ಹಿಡಿಯೋದಿಲ್ಲ, ಫ್ರೇಮಿನಲ್ಲಿ ಡಿಸ್ಕ್ ಬ್ರೇಕಿಗೆ ಜಾಗ ಉಂಟು ಫೋಟೋದಲ್ಲಿ, ಹಾಕಿಸು. ಬ್ರೇಕ್ ಹಿಡಿದಾಗ ಮೋಟಾರು ಕಟ್ ಆಗುವ ಲಿವರ್ ವೈರು ಫೋಟೋದಲ್ಲಿ ಜೋತುಕೊಂಡೇ ಉಂಟು, ಅದನ್ನ ಸಿಕ್ಕಿಸು. ವೇಗ ಗಂಟೆಗೆ 25 ಕಿಲೋಮೀಟರಿಗೆ ನಿಲ್ಲಿಸಿ ಬಿಡು. 250 ವಾಟ್ ಒಳಗೆ, 25ರ ಒಳಗೆ ಇದ್ರೇ ಮೋಟಾರು ವಾಹನ ಅಲ್ಲ ಅನ್ನೋದು, ಆ ರಿಯಾಯಿತಿ ಕೂಡ ಪರೀಕ್ಷೆ ಮಾಡಿ ಒಪ್ಪಿದ ಮಾಡೆಲ್ಲಿಗೆ. ಮನೆಯಲ್ಲಿ ಕಟ್ಟಿದ್ದಕ್ಕೆ ಪೊಲೀಸರು ಕೇಳಿದ್ರೆ ತೋರಿಸ್ಲಿಕ್ಕೆ ಕಾಗದ ಇರೋದಿಲ್ಲ, ಅದು ತಲೆಯಲ್ಲಿರ್ಲಿ.

ಇವತ್ತೇ ಮಾಡ್ಬೇಕಾದ್ದು ಒಂದೇ. ಬ್ಯಾಟರಿ ಬಿಚ್ಚಿ ಒಳಗಿಡು, ಆರ್ಮ್ ಬರುವವರೆಗೆ ಅಂಗಳದಲ್ಲೂ ಥ್ರಾಟಲ್ ಮುಟ್ಟಬಾರದು. ಶನಿವಾರ ಸೈಕಲ್ಲನ್ನ ಪಿಕಪ್ಪಿನಲ್ಲಿ ಹಾಕಿಕೊಂಡು ನನ್ನ ಶೆಡ್ಡಿಗೆ ಬರ್ಲಿ ಚಿನ್ನು. ಬರುವ ದಾರಿಯಲ್ಲೇ ಸುಂಟಿಕೊಪ್ಪ ಸಿಗ್ತದೆ, ಭಾವನ ಮನೆಯಿಂದ ಆ 18ರ ಸ್ಪಾನರ್ ಇಸ್ಕೊಂಡು ಬರ್ಲಿ, ಟಾರ್ಕ್ ರೆಂಚೂ.