ಸಹಾಯ ಬೇಕು: ಹಾಪ್ಕಿನ್ಸನ್ ಬಾರ್ ಗ್ರಾಫ್‌ನ ಮೊದಲ ಶಿಖರವನ್ನು ನಂಬಬಹುದಾ?

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟ್‌ಗೆ ಮೈಲ್ಡ್ ಸ್ಟೀಲನ್ನು ಸ್ಪ್ಲಿಟ್ ಹಾಪ್ಕಿನ್ಸನ್ ಬಾರ್‌ನಲ್ಲಿ (ಎರಡು ಉದ್ದ ಬಾರ್‌ಗಳ ನಡುವೆ ಸ್ಯಾಂಪಲ್ ಇಟ್ಟು, ಒಂದು ಬಾರ್‌ನ ತುದಿಗೆ ಸ್ಟ್ರೈಕರ್‌ನಿಂದ ಬಡಿದು, ಆ ಅಲೆಯಿಂದ ಅತಿವೇಗವಾಗಿ ಒತ್ತುವ ಸಾಧನ) ಪರೀಕ್ಷೆ ಮಾಡುತ್ತಿದ್ದೇನೆ. ಸ್ಯಾಂಪಲ್ 5 ಮಿ.ಮೀ. ಉದ್ದ, ಸ್ಟ್ರೈನ್ ರೇಟ್ (ಸ್ಯಾಂಪಲ್ ಕುಗ್ಗುವ ವೇಗ) ಸೆಕೆಂಡಿಗೆ ಸುಮಾರು 1000.

ನಿಧಾನವಾಗಿ ಒತ್ತಿದರೆ ಈ ಸ್ಟೀಲ್ 250 ಮೆಗಾಪಾಸ್ಕಲ್ ಆಸುಪಾಸಿನಲ್ಲಿ ಯೀಲ್ಡ್ ಆಗುತ್ತದೆ, ಅಂದರೆ ಶಾಶ್ವತವಾಗಿ ಆಕಾರ ಬದಲಿಸಲು ಶುರುಮಾಡುತ್ತದೆ. ವೇಗ ಹೆಚ್ಚಿದಂತೆ ಯೀಲ್ಡ್ ಒತ್ತಡ ಎಷ್ಟು ಏರುತ್ತದೆ ಎಂದು ಹೇಳುವ ಕೌಪರ್-ಸೈಮಂಡ್ಸ್ ಸೂತ್ರಕ್ಕೆ ಮೈಲ್ಡ್ ಸ್ಟೀಲ್‌ನ ಮಾಮೂಲಿ ಸಂಖ್ಯೆಗಳಾದ 40.4 ಮತ್ತು 5 ಹಾಕಿದರೆ, ಈ ವೇಗದಲ್ಲಿ ಅದು ಸುಮಾರು 2.9 ಪಟ್ಟು ಆಗಬೇಕು. ನನ್ನ ಒತ್ತಡದ ಗ್ರಾಫ್‌ನಲ್ಲಿ ಶುರುವಿನಲ್ಲೇ ಅದಕ್ಕಿಂತ ಎತ್ತರದ ಚೂಪು ಶಿಖರ ಬರುತ್ತದೆ. ಆಮೇಲೆ ಧಡಕ್ಕನೆ ಇಳಿದು, ಸಣ್ಣ ಸಣ್ಣ ಏರಿಳಿತ.

ಸ್ಯಾಂಪಲ್‌ನ ಎರಡೂ ಮುಖಕ್ಕೆ ಗ್ರೀಸ್ ಹಚ್ಚಿದೆ. ಬಾರ್‌ಗಳ ಅಲೈನ್‌ಮೆಂಟ್ ಮತ್ತೆ ಸರಿಮಾಡಿದೆ. ಸ್ಟ್ರೈಕರ್ ಬಡಿಯುವ ಕಡೆ ತೆಳುವಾದ ತಾಮ್ರದ ಬಿಲ್ಲೆಯನ್ನು ಪಲ್ಸ್ ಶೇಪರ್ (ಬಡಿತದ ಅಲೆಯ ಆಕಾರವನ್ನು ನಯಗೊಳಿಸುವ ತುಂಡು) ಆಗಿ ಇಟ್ಟೆ. ಶಿಖರ ತಗ್ಗಿತು, ಏರಿಳಿತವೂ ಕಡಿಮೆಯಾಯಿತು.

ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ತಾಮ್ರದ ಬಿಲ್ಲೆ ಇಟ್ಟರೆ ಅಲೆ ನಿಧಾನವಾಗಿ ಏರುತ್ತದೆ, ಅಂದರೆ ಯೀಲ್ಡ್ ಆಗುವ ಹೊತ್ತಿಗೆ ಸ್ಟ್ರೈನ್ ರೇಟ್ ಕೂಡ ಕಡಿಮೆ. ಹಾಗಾಗಿ ಶಿಖರ ತಗ್ಗಿದ್ದು ಬಾರ್‌ನ ಕಂಪನ ಹೋಗಿದ್ದಕ್ಕಾ, ಸ್ಟೀಲೇ ಮೆತ್ತಗೆ ವರ್ತಿಸಿದ್ದಕ್ಕಾ, ಗೊತ್ತಾಗುತ್ತಿಲ್ಲ.

ಎರಡೂ ಮುಖಗಳ ಒತ್ತಡ ಸಮವಾದ ಮೇಲಿನ ಭಾಗವನ್ನು ಮಾತ್ರ ನಂಬಿ ಎನ್ನುತ್ತಾರೆ. ಆದರೆ ಅಲೆ ಸ್ಯಾಂಪಲನ್ನು ಒಮ್ಮೆ ದಾಟಲು ಸುಮಾರು 1 ಮೈಕ್ರೋಸೆಕೆಂಡ್ ಬೇಕು, ಸಮವಾಗಲು ಅಂಥ ಹಲವು ಓಡಾಟ ಬೇಕು. ಶೇಪರ್ ಇಲ್ಲದಿದ್ದರೆ ಅಷ್ಟರಲ್ಲಿ ಸ್ಟೀಲ್ ಯೀಲ್ಡ್ ಆಗಿಯೇ ಬಿಟ್ಟಿರುತ್ತದೆ, ಅಲ್ವಾ?

ಈ ಪರೀಕ್ಷೆ ಮಾಡಿದವರು ದಯವಿಟ್ಟು ಹೇಳಿ: ಶಿಖರದಲ್ಲಿ ಸ್ಟೀಲ್‌ನ ಪಾಲೆಷ್ಟು, ಬಾರ್‌ನ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ? ಇಲ್ಲ, ಆ ಬಿಂದುವನ್ನು ಬಿಟ್ಟು ಮುಂದಿನ ಫ್ಲೋ ಸ್ಟ್ರೆಸ್ (ಯೀಲ್ಡ್ ಆದ ಮೇಲೆ ಸ್ಟೀಲ್ ಕುಗ್ಗುತ್ತಲೇ ಇರಲು ಬೇಕಾದ ಒತ್ತಡ) ಮಾತ್ರ ವರದಿ ಮಾಡಬೇಕಾ?